ಎಡಗಿವಿಗೊಂದು ಆಂಪ್ಲಿಫೈಯರ್

"ನಿನ್ನ ಎಡಗಡೆ ಕಿವಿಗೆ ಕೇಳಿಸೋ ಹಾಗೆ ಮಾಡದಿದ್ರೆ ನನ್ನ ಅರ್ಧ ಮೀಸೆ ಬೋಳಿಸಿಕೊಳ್ತೀನಿ!"

ಹೀಗೆಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು, ಎದೆಯುಬ್ಬಿಸಿ, ಕೈಯಲ್ಲಿದ್ದ ಚಮಚವನ್ನು ಮೇಲೆತ್ತಿ ಘೋಷಿಸಿದೆ. ನನ್ನ ಮೀಸೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಈ ಪ್ರತಿಜ್ಞೆಯ ತೂಕ ನಿಮಗೆ ತಿಳಿಯುವುದಿಲ್ಲ. ಅದನ್ನು ಮೀಸೆ ಎನ್ನುವುದಕ್ಕಿಂತ ಚಪ್ಪರ ಎನ್ನುವುದೇ ಸರಿ. ಕಾಲೇಜು ಬಿಟ್ಟ ವರ್ಷ ಬಿಟ್ಟದ್ದು. ಅಲ್ಲಿಂದ ಮೇಲ್ದುಟಿಯನ್ನು ಪೂರ್ತಿ ಆಕ್ರಮಿಸಿ, ಕೆಳದುಟಿಯ ಗಡಿಯವರೆಗೆ ರಾಜ್ಯ ವಿಸ್ತರಿಸಿಕೊಂಡಿದೆ. ನನ್ನ ಮೇಲ್ದುಟಿ ಹೇಗಿದೆ ಎಂಬುದನ್ನು ಕಟ್ಟಿಕೊಂಡ ಹೆಂಡತಿಯೇ ನೋಡಿರಲಿಲ್ಲ.

ಹೆಂಡತಿ ತಟ್ಟೆಯಿಂದ ತಲೆಯೆತ್ತಿದಳು. "ಯಾವ ಅರ್ಧ? ಎಡಗಡೆಯದ್ದೋ ಬಲಗಡೆಯದ್ದೋ?"

"ನೀನು ಹೇಳಿದ್ದು."

"ಹಾಗಾದ್ರೆ ಎಡಗಡೆಯದ್ದೇ ಇರಲಿ. ಇಬ್ಬರದ್ದೂ ಒಂದೇ ಕಡೆ ಹೋದ ಹಾಗಾಗುತ್ತೆ."

ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಾ ಇಬ್ಬರೂ ತಟ್ಟೆ ನೋಡಿಕೊಂಡೆವು.

ನಡೆದದ್ದಿಷ್ಟು. ಒಂದು ಬೆಳಿಗ್ಗೆ ಅವಳು ಎದ್ದಳು, ಎಡಗಿವಿ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ, ಬಿದ್ದಿಲ್ಲ, ಎದ್ದಿಲ್ಲ. "ಕಿವಿಯೊಳಗೆ ಯಾರೋ ಹತ್ತಿ ತುರುಕಿದ ಹಾಗಿದೆ ರೀ" ಎಂದಳು. "ಸ್ನಾನದ ನೀರು ಹೋಗಿರುತ್ತೆ, ತಲೆ ವಾಲಿಸಿ ಒಂಟಿಕಾಲಲ್ಲಿ ಕುಣಿ" ಎಂದೆ ನಾನು. ಕುಣಿದಳು, ಪಾಪ. ಕಿವಿ ಡಾಕ್ಟರು ಕುಣಿಯಲು ಹೇಳಲಿಲ್ಲ. ಒಳಗಿನ ನರಕ್ಕೆ ಪೆಟ್ಟಾಗಿದೆ, ಎಷ್ಟೋ ಸಲ ಇದಕ್ಕೆ ಕಾರಣವೇ ಗೊತ್ತಾಗುವುದಿಲ್ಲ, ಔಷಧಿ ಕೊಡೋಣ, ಬಂದಷ್ಟು ಬರಲಿ, ಇನ್ನೊಮ್ಮೆ ಬನ್ನಿ ನೋಡೋಣ ಎಂದರು.

ಅವಳು ಪ್ರಾಥಮಿಕ ಶಾಲೆಯ ಟೀಚರು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ, "ಕಿಟಕಿ ಪಕ್ಕದ ಕೊನೇ ಬೆಂಚು, ಆ ಪೆನ್ಸಿಲ್ ವಾಪಸ್ ಕೊಡು" ಎನ್ನುತ್ತಿದ್ದವಳು. ಅವಳ ಬೆನ್ನಿಗೂ ಕಣ್ಣಿದೆ ಎಂದು ಮಕ್ಕಳು ನಂಬಿದ್ದವು. ಒಂದು ಕಿವಿ ಹೋದ ಮೇಲೆ ಶಬ್ದ ಬರುವುದು ಗೊತ್ತಾಗುತ್ತದೆ, ಎಲ್ಲಿಂದ ಬಂತು ಎನ್ನುವುದು ಗೊತ್ತಾಗುವುದಿಲ್ಲ. ಎಲ್ಲ ಸದ್ದೂ ಬಲಗಡೆಯಿಂದಲೇ ಬಂದಂತಿರುತ್ತದೆ. ಮೊದಲ ದಿನ ಅವಳು ತಪ್ಪು ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿಬಿಟ್ಟಳಂತೆ. ಆ ಹುಡುಗಿ ಅತ್ತಳಂತೆ. ಮಾರನೆಯ ದಿನದಿಂದ ಮಕ್ಕಳಿಗೆ ವಿಷಯ ಗೊತ್ತಾಗಿಹೋಯಿತು. "ಇಡೀ ಕ್ಲಾಸು ಗಲಾಟೆ ಮಾಡ್ತು ರೀ, ನಾನು ಸುಮ್ಮನೆ ಬೋರ್ಡ್ ಒರೆಸ್ತಾ ನಿಂತಿದ್ದೆ" ಎಂದು ಸಂಜೆ ಚಪ್ಪಲಿ ಬಿಡುತ್ತಾ ಹೇಳಿದಳು. ಅದನ್ನು ಕೇಳಿದ ಮೇಲೇ ನಾನು ಚಮಚ ಎತ್ತಿದ್ದು.

ಈಗ ನನ್ನ ಕಸುಬಿನ ವಿಚಾರಕ್ಕೆ ಬರೋಣ. ನಾನು ಕನ್ನಡಕದಂಗಡಿಯವನು. ಜನರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, "ಇದು ಚೆನ್ನಾಗಿದೆಯೋ, ಇದೋ?" ಎಂದು ಕೇಳುವುದು ನನ್ನ ಅನ್ನ. ಈ ಪ್ರಶ್ನೆಗೆ ಜನ ಎಷ್ಟು ಸುಳ್ಳು ಹೇಳುತ್ತಾರೆ ಗೊತ್ತೇ? ನನಗೆ ಬೇಜಾರಾದೀತೆಂದು, ಹಿಂದೆ ಕೂತವರು ಕಾಯುತ್ತಿದ್ದಾರೆಂದು, "ಎರಡನೆಯದ್ದೇ ಚೆನ್ನಾಗಿದೆ" ಎಂದುಬಿಡುತ್ತಾರೆ. ಅದಕ್ಕೆ ನಾನು ಅದೇ ಗಾಜನ್ನು ತೆಗೆದು ಅದೇ ಗಾಜನ್ನು ಮತ್ತೆ ಹಾಕಿ ಕೇಳುತ್ತೇನೆ. ಆಗಲೂ "ಎರಡನೆಯದ್ದೇ" ಎಂದರೆ ಆಸಾಮಿ ಸಿಕ್ಕಿಬಿದ್ದ. ನನ್ನ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಕನ್ನಡಕದವನ ತಲೆಯಲ್ಲಿ ಹುಟ್ಟುವ ಉಪಾಯವೂ ಕನ್ನಡಕದ್ದೇ. ಎಡಗಣ್ಣು ಮಂದವಾದರೆ ಏನು ಮಾಡುತ್ತೇವೆ? ಎಡಗಡೆಗೆ ದಪ್ಪ ಗಾಜು, ಬಲಗಡೆಗೆ ತೆಳು ಗಾಜು. ಎರಡು ಕಣ್ಣೂ ಸಮ! ಹಾಗಾದರೆ ಎಡಗಿವಿ ಮಂದವಾದರೆ? ಎಡಗಡೆಗೆ ಭಾರಿ ಆಂಪ್ಲಿಫೈಯರ್, ಬಲಗಡೆಗೆ ಪುಟ್ಟದು. ಎರಡು ಕಿವಿಯೂ ಸಮ. ದಿನಾ ಎಡಗಿವಿಗೆ ಹೀಗೆ ಕಸರತ್ತು ಮಾಡಿಸಿದರೆ ಮಲಗಿದ ನರ ಎದ್ದು ಕೂರುತ್ತದೆ. ವೈದ್ಯಲೋಕಕ್ಕೆ ಇಷ್ಟು ದಿನ ಇದು ಹೇಗೆ ಹೊಳೆಯಲಿಲ್ಲ ಎಂದು ನನಗೇ ಆಶ್ಚರ್ಯವಾಯಿತು.

ನಮ್ಮ ಹಾಲಿನಲ್ಲಿ ಆಗಲೇ ಒಂದು ಹೋಮ್ ಥಿಯೇಟರ್ ಇತ್ತು. ಟಿವಿಯ ಆಚೆಗೊಂದು ಈಚೆಗೊಂದು ಪುಟ್ಟ ಸ್ಪೀಕರು, ಕೆಳಗೊಂದು ಡಬ್ಬ. ಅದರ ಎಡಭಾಗವನ್ನು ಬೇರ್ಪಡಿಸಿ ಬಲಪಡಿಸಬೇಕು ಎಂದುಕೊಂಡು ಶಬ್ದದ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿನವನು ಮಹಾ ಮಾತುಗಾರ. ನಾನು ಅವನಿಗೆ ಮನಸ್ಸಿನಲ್ಲೇ ಘೋಷರಾಯ ಎಂದು ಹೆಸರಿಟ್ಟೆ.

"ಸಾರ್, ಎಡಗಡೆಗೆ ಒಂದು ತರ, ಬಲಗಡೆಗೆ ಒಂದು ತರ ಯಾರೂ ಹಾಕಲ್ಲ. ಜೋಡಿ ಜೋಡಿಯಾಗಿರಬೇಕು."

"ನಮ್ಮ ಮನೆಯ ಜೋಡಿಯಲ್ಲಿ ಒಂದು ಕಡೆ ಮಂದ. ನೀನು ಸಾಮಾನು ಕೊಡು."

"ಕೊಡ್ತೀನಿ. ಆದರೆ ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೊಂದಾಣಿಕೆ ಬೇಕು. ಆಂಪ್ಲಿಫೈಯರ್ ಅಂದ್ರೆ ದಬ್ಬೋನು, ಸ್ಪೀಕರ್ ಅಂದ್ರೆ ದಬ್ಬಿಸಿಕೊಳ್ಳೋನು. ದಬ್ಬಿಸಿಕೊಳ್ಳೋನು ತೋರಿಸೋ ಮೊಂಡುತನಕ್ಕೆ ಓಮ್ ಅಂತಾರೆ."

"ಮೊಂಡುತನ ಕಮ್ಮಿ ಇರೋದನ್ನೇ ಕೊಡಪ್ಪ. ಕೆಲಸ ಸಲೀಸು."

"ಅದೇ ತಪ್ಪು ಸಾರ್. ಎದುರಿಗಿರೋನು ಸ್ವಲ್ಪನಾದ್ರೂ ಮೊಂಡಾಟ ಮಾಡಬೇಕು. ಎಲ್ಲಾದಕ್ಕೂ ಹೂಂ ಹೂಂ ಅಂತಿದ್ರೆ ದಬ್ಬೋನು ಮೈಮೇಲೆ ಜ್ಞಾನ ಇಲ್ಲದೆ ದಬ್ತಾನೇ ಇರ್ತಾನೆ. ಕೊನೆಗೆ ತಾನೇ ಸುಟ್ಟುಹೋಗ್ತಾನೆ."

ನಾನು ಇದನ್ನು ವ್ಯಾಪಾರಿಯ ಮಾತೆಂದು ತಳ್ಳಿಹಾಕಿ ಒಂದು ಆಂಪ್ಲಿಫೈಯರ್ ಕೊಂಡು ತಂದೆ. ಆಗ ಅದು ನನ್ನ ಸಂಸಾರದ ವಿಷಯ ಎಂದು ಹೊಳೆಯಲಿಲ್ಲ.

ಮೊದಲ ಭಾನುವಾರ ಮಧ್ಯಾಹ್ನ ಪರೀಕ್ಷೆ. ಹೆಂಡತಿಯನ್ನು ಸೋಫಾದ ನಡುವೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಒಂದು ಯುದ್ಧದ ಸಿನಿಮಾ ಹಾಕಿದೆ. ಅದರಲ್ಲೊಂದು ಹೆಲಿಕಾಪ್ಟರು ಎಡಗಡೆಯಿಂದ ಬಂದು ಬಲಗಡೆಗೆ ಹಾರಿಹೋಗುತ್ತದೆ.

"ಎಡಗಡೆ ಸದ್ದು ಬಂದ ತಕ್ಷಣ ಎಡಗೈ ಎತ್ತು. ಬಲಗಡೆ ಬಂದಾಗ ಬಲಗೈ. ಗೊತ್ತಾಯ್ತಾ?"

"ನನ್ನ ಕ್ಲಾಸಿನ ಮಕ್ಕಳಿಗೆ ನಾನು ಹೇಳೋ ಹಾಗೇ ಹೇಳ್ತೀರಲ್ಲ" ಎಂದಳು.

ಹೆಲಿಕಾಪ್ಟರು ಬಂತು. ಎಡಗೈ ಏಳಲಿಲ್ಲ. ಬಲಗೈ ಮಾತ್ರ ಎದ್ದಿತು. ನಾನು ಡಬ್ಬದ ಹಿಂದಿನಿಂದ ತಲೆಯೆತ್ತಿ, "ಸ್ವಲ್ಪನೂ ಕೇಳಿಸಲಿಲ್ವಾ?" ಎಂದೆ. ನನ್ನ ಮುಖದಲ್ಲಿ ಆಗ ಏನಿತ್ತೋ ಗೊತ್ತಿಲ್ಲ, ನನಗೆ ನನ್ನ ಮುಖ ಕಾಣುವುದಿಲ್ಲವಲ್ಲ. ಅವಳು ಅದನ್ನು ಒಂದು ಗಳಿಗೆ ನೋಡಿದಳು.

"ಸ್ವಲ್ಪ ಕೇಳಿಸಿದ ಹಾಗಾಯ್ತು" ಎಂದಳು.

ಅಷ್ಟು ಸಾಕು! ನಾನು ಡಬ್ಬಕ್ಕೊಂದು ಮುತ್ತು ಕೊಡುವುದೊಂದು ಬಾಕಿ. ಸ್ವಲ್ಪ ಕೇಳಿಸಿದ್ದನ್ನು ಪೂರ್ತಿ ಕೇಳಿಸುವುದು ಎಷ್ಟರ ಕೆಲಸ? ಮಾರನೆಯ ದಿನವೇ ಘೋಷರಾಯನ ಅಂಗಡಿಗೆ ಓಡಿ ಇನ್ನೂ ದೊಡ್ಡ ಆಂಪ್ಲಿಫೈಯರ್ ತಂದೆ. ಆಗ ಹೆಂಡತಿಯ ಎಡಗೈ ಮಡಿಲಿನಿಂದ ಹೊಟ್ಟೆಯವರೆಗೆ ಎದ್ದಿತು. ಆಂಪ್ಲಿಫೈಯರ್ ದೊಡ್ಡದಾಯಿತು, ಪುಟ್ಟ ಸ್ಪೀಕರು ಆ ಏಟು ತಾಳಲಾರದೆ ಗೊರಗೊರ ಎಂದು ಹರಿದುಹೋಯಿತು. ಅದಕ್ಕೆ ಮುಚ್ಚಿಹೋದ ಒಂದು ಚಿತ್ರಮಂದಿರದ ಸ್ಪೀಕರನ್ನೇ ತರಿಸಿದೆ. ಅದರ ಎತ್ತರ ನನ್ನ ಭುಜದವರೆಗೆ. ಅಗಲದಲ್ಲಿ ನನ್ನನ್ನೂ ಮೀರಿಸಿತ್ತು. ಅದು ಒಳಗೆ ಬರಲು ಬಾಗಿಲ ಚೌಕಟ್ಟಿನ ಬಣ್ಣವೂ, ಕೂಲಿಯವನ ಒಂದು ಹೆಬ್ಬೆರಳ ಉಗುರೂ ಹೋದವು.

ಈ ರಾಕ್ಷಸನಿಗೆ ಹಳೆಯ ಆಂಪ್ಲಿಫೈಯರ್ ಸಾಲಲಿಲ್ಲ. ಬಿಸಿಯಾಗಿ, ಬಿಕ್ಕಳಿಸಿ, ತಾನಾಗಿ ಆರಿಹೋಗುತ್ತಿತ್ತು. ಎರಡು ಆಂಪ್ಲಿಫೈಯರ್‌ಗಳನ್ನು ಒಂದರ ಬೆನ್ನಿಗೊಂದು ಕಟ್ಟಲು ನೋಡಿದೆ. ಅವು ಸಂಭಾಷಣೆಯ ಬದಲು ಹಂದಿಯ ಹಾಗೆ ಕಿರುಚಿದವು. ಕೊನೆಗೆ ಘೋಷರಾಯನೇ, "ಸಾರ್, ಇದು ಮನೆಗೆ ತಗೊಂಡು ಹೋಗೋದಲ್ಲ" ಎಂದು ಕೈಮುಗಿದು ಹೇಳಿದರೂ ಕೇಳದೆ, ಇಬ್ಬರು ಹೊರಬೇಕಾದ ಒಂದು ಆಂಪ್ಲಿಫೈಯರ್ ಹೊತ್ತು ತಂದೆ. ಹೀಗೆ ನಮ್ಮ ಹಾಲಿನ ಬಲಗಡೆ ಬಿಸ್ಕತ್ತಿನ ಡಬ್ಬದಷ್ಟು ಸ್ಪೀಕರು, ಎಡಗಡೆ ಬೀರುವಿನಷ್ಟು ಸ್ಪೀಕರು. ಬಂದವರು ತಲೆ ವಾಲಿಸಿಕೊಂಡು ನೋಡುತ್ತಿದ್ದರು.

ಅವಳು ಡಾಕ್ಟರ ಬಳಿಗೆ ಎರಡನೆಯ ಸಲ ಹೋಗಬೇಕಾದ ದಿನವೇ ಆ ಸ್ಪೀಕರು ಬರುವುದಿತ್ತು. "ನೀವು ಸ್ಪೀಕರ್ ನೋಡ್ಕೊಳ್ಳಿ, ನಾನೊಬ್ಬಳೇ ಹೋಗಿಬರ್ತೀನಿ" ಎಂದಳು. ಹೋಗಿಬಂದಳು. ನಾನು ಹಾಡು ಗುನುಗುತ್ತಾ ಸ್ಪೀಕರಿನ ಹಿಂದಿನ ತಿರುಪು ಬಿಚ್ಚುತ್ತಿದ್ದೆ.

"ಏನಂದ್ರು?"

"ನೋಡೋಣ ಅಂದ್ರು."

"ನಾನು ಹೇಳಲಿಲ್ವಾ? ಬರುತ್ತೆ ಅಂತ. ಆ ಸ್ಕ್ರೂಡ್ರೈವರ್ ಕೊಡು."

ಕೊಟ್ಟಳು. ಕೈಕಾಲು ತೊಳೆಯಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ನನಗೆ ಕೇಳಿಸುತ್ತಿತ್ತು. ನನ್ನ ಎರಡೂ ಕಿವಿ ನೆಟ್ಟಗಿದ್ದವಲ್ಲ!

ಅಂದಿನಿಂದ ಅವಳ ಎಡಗೈ ಚುರುಕಾಯಿತು. ಒಂದು ವಾರಕ್ಕಿಂತ ಇನ್ನೊಂದು ವಾರ ಮೇಲೆ. ಹೊಟ್ಟೆಯಿಂದ ಎದೆಯವರೆಗೆ, ಎದೆಯಿಂದ ಭುಜದವರೆಗೆ. ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಕಣ್ಣು ಪರೀಕ್ಷೆ ಬಿಟ್ಟು ಕಿವಿಯ ಕಥೆ ಹೇಳತೊಡಗಿದೆ. ಒಬ್ಬ ಗಿರಾಕಿಗಂತೂ ಎಡಗಾಜನ್ನು ಬಲಗಡೆಗೂ ಬಲಗಾಜನ್ನು ಎಡಗಡೆಗೂ ಕೂರಿಸಿ ಕಳಿಸಿದೆ. ಆತ ಮೆಟ್ಟಿಲ ಮೇಲೆ ಎಡವಿ ವಾಪಸು ಬಂದ.

ನನ್ನ ಕೀರ್ತಿಗೆ ಅಡ್ಡ ಬಂದವರು ಒಬ್ಬರೇ, ಕೆಳಗಿನ ಮನೆಯ ವಕೀಲರು. ನಮ್ಮ ಹಾಲಿನ ಎಡಗೋಡೆಯ ಕೆಳಗೇ ಅವರ ಓದುವ ಕೋಣೆ. ಒಂದು ಭಾನುವಾರ ಕೈಯಲ್ಲಿ ಗೋಡೆ ಗಡಿಯಾರ ಹಿಡಿದುಕೊಂಡು ಮೇಲೆ ಬಂದರು. ಗಡಿಯಾರದ ಮುಳ್ಳುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ಇದು ಈಗ ತಾನೇ ಗೋಡೆಯಿಂದ ಹಾರಿತು. ನನ್ನ ಕೋಣೆಯ ಎಡಗಡೆ ಯುದ್ಧ ನಡೀತಿದೆ, ಬಲಗಡೆ ಶಾಂತಿ ಇದೆ. ನಾನು ಯಾವ ಕಡೆ ಕೂತು ಕಕ್ಷಿದಾರರ ಹತ್ತಿರ ಮಾತಾಡಲಿ ಹೇಳಿ?"

"ಕ್ಷಮಿಸಿ ಸಾರ್, ಇದು ಚಿಕಿತ್ಸೆ."

"ಯಾರಿಗೆ?"

ಹೇಳಿದೆ. ಅವರು ಸೋಫಾದ ಮೇಲೆ ದಿಂಬಿಗೊರಗಿ ಕೂತ ನನ್ನ ಹೆಂಡತಿಯನ್ನು ನೋಡಿದರು, ಬೀರುವಿನಂಥ ಸ್ಪೀಕರನ್ನು ನೋಡಿದರು, ಗಡಿಯಾರ ಕಂಕುಳಿಗೆ ಸೇರಿಸಿದರು. "ಹಾಗಿದ್ರೆ ಮುಂದುವರಿಸಿ" ಎಂದು ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಒಳ್ಳೆಯ ಮನುಷ್ಯ.

ಆ ಸದ್ದು ನನಗೂ ತಡೆಯಲಾಗುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ನನ್ನ ಕಿವಿಗಳಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ನಾನು ಕೇಳಿ ಆಗಬೇಕಾದ್ದೇನೂ ಇರಲಿಲ್ಲ. ನನ್ನ ಕಣ್ಣು ಅವಳ ಕೈಯ ಮೇಲಿದ್ದರೆ ಸಾಕಿತ್ತು.

ಕೊನೆಯ ಭಾನುವಾರ ಬಂತು. ಅಂದು ನಾನು ಎಲ್ಲ ಸ್ವಿಚ್ಚುಗಳನ್ನೂ ಪಟಪಟ ಒತ್ತಿ, ಕಿವಿಗೆ ಹತ್ತಿ ಇಟ್ಟು, ಹೆಲಿಕಾಪ್ಟರನ್ನು ಕರೆದೆ. ಪರದೆಯ ಎಡಮೂಲೆಯಲ್ಲಿ ಅದು ಕಾಣಿಸಿದ್ದೇ ತಡ, ಹೆಂಡತಿಯ ಎಡಗೈ ತಲೆಗಿಂತ ಮೇಲೆ, ನೆಟ್ಟಗೆ, ಉತ್ತರ ಗೊತ್ತಿರುವ ಮಗುವಿನ ಕೈಯಂತೆ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಜೋರಾಗಿ ಕೂಗಿ ಹೇಳಿದಳು: "ಪೂರ್ತಿ ಕೇಳಿಸ್ತು ರೀ. ಇಷ್ಟು ಸಾಕು. ಇನ್ನು ದೊಡ್ಡದು ತರಬೇಡಿ. ಇಲ್ಲಿಗೆ ನಿಲ್ಲಿಸೋಣ."

ನಾನು ಮೀಸೆಗೆ ಕೈ ಹಾಕಿದೆ. ತಿರುವಿದೆ. ಮೀಸೆ ಉಳಿಯಿತು, ಕಿವಿ ಬಂತು, ಇನ್ನೇನು ಬೇಕು ಮನುಷ್ಯನಿಗೆ? ಅಷ್ಟರಲ್ಲಿ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

ಆಂಪ್ಲಿಫೈಯರ್! ಘೋಷರಾಯ ಹೇಳಿದ್ದು ನಿಜವಾಯಿತು ಎಂದುಕೊಂಡು ಎಡಗಡೆಗೆ ಹಾರಿ ಅದರ ಮೈ ಮುಟ್ಟಿದೆ. ತಣ್ಣಗಿತ್ತು. ಬಾವಿಯ ಕಲ್ಲಿನಷ್ಟು ತಣ್ಣಗೆ. ಹೊಗೆ ಬರುತ್ತಿದ್ದದ್ದು ಸ್ಪೀಕರಿನ ಹಿಂದಿದ್ದ ಮೇಜಿನ ಮೇಲಿನಿಂದ. ಅಲ್ಲಿ ನನ್ನ ಅಂಗಡಿಯ ಬಿಳಿ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಬೋರಲು ಮಲಗಿತ್ತು. ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿ ಸ್ವಿಚ್ಚು ಆರಿಸಿ, ಪೆಟ್ಟಿಗೆ ತಣ್ಣಗಾದ ಮೇಲೆ ಕೋಟಿನ ಬೆನ್ನು ಸುಕ್ಕಾಗದಿರಲೆಂದು ಅದನ್ನು ಅಲ್ಲೇ ಇಟ್ಟಿದ್ದಳು. ಇಸ್ತ್ರಿಗೆ ಬೇರೆ ಪ್ಲಗ್ ಪಾಯಿಂಟ್ ಇಲ್ಲದೆ ಆಂಪ್ಲಿಫೈಯರಿನ ಪ್ಲಗ್ಗು ಕಿತ್ತು ಇಸ್ತ್ರಿಯದ್ದನ್ನು ಹಾಕಿದ್ದಳು. ಮತ್ತೆ ಬದಲಿಸುವುದನ್ನು ಮರೆತಿದ್ದಳು. ಆಂಪ್ಲಿಫೈಯರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ನಾನು ಸ್ವಿಚ್ಚು ಒತ್ತಿ ಎಬ್ಬಿಸಿದ್ದು ಇಸ್ತ್ರಿಯನ್ನು. ಎಡಗಡೆ ಒಂದು ಸೊಳ್ಳೆಯ ಸದ್ದೂ ಬಂದಿರಲಿಲ್ಲ. ಅಂಥದ್ದಕ್ಕೆ ಅವಳ ಕೈ ತಲೆಯ ಮೇಲೆ ಎದ್ದಿತ್ತು.

ಸ್ವಿಚ್ಚು ಆರಿಸಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟೆ. ಕೋಟಿನ ಬೆನ್ನಿನ ಮೇಲೆ ದೋಣಿಯಾಕಾರದ ಕಪ್ಪು ತೂತು. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ನೆಲದ ಮೇಲಿದ್ದ ಆಂಪ್ಲಿಫೈಯರಿನ ಪ್ಲಗ್ಗು ಹಿಡಿದುಕೊಂಡು ನಾನು ತಿರುಗಿದೆ. ಹೆಂಡತಿಯ ಕೈ ಇನ್ನೂ ಅರ್ಧ ಮೇಲಿತ್ತು. ನನ್ನ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿ ಅದು ಮೆಲ್ಲಗೆ ಮಡಿಲಿಗೆ ಇಳಿಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ವಕೀಲರು. ಬಾಗಿಲು ತೆರೆದೇ ಇತ್ತು. ಅವರು ಏನೋ ಹೇಳುತ್ತಿದ್ದರು, ಬಾಯಿ ಮಾತ್ರ ಆಡುತ್ತಿತ್ತು. ನಾನು ಕಿವಿಯ ಹತ್ತಿ ಕಿತ್ತೆ. ಆಗ ನನ್ನ ಹೆಂಡತಿಯೂ ಕೂದಲು ಸರಿಸಿ ಬಲಗಿವಿಯಿಂದ ಒಂದು ಹತ್ತಿಯುಂಡೆ ತೆಗೆದದ್ದು ನನಗೆ ಕಂಡಿತು.

"ಇವತ್ತು ನನ್ನ ಗೋಡೆ ಒಂದು ಮಾತೂ ಆಡಲಿಲ್ಲ" ಎನ್ನುತ್ತಿದ್ದರು ವಕೀಲರು. "ನೀವು ಸದ್ದು ಕಮ್ಮಿ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಹಾಗಾದ್ರೆ ಅಮ್ಮನವರಿಗೆ ವಾಸಿ ಆಯ್ತಾ?"

ಮೇಜಿನ ಮೇಲೆ ಅವಳದೊಂದು, ನನ್ನವೆರಡು ಹತ್ತಿಯುಂಡೆಗಳು ಕೂತಿದ್ದವು. ಅಂದರೆ ಇಷ್ಟು ವಾರ ಆ ಭಾರಿ ಹೋಮ್ ಥಿಯೇಟರನ್ನು ಕೇಳುತ್ತಿದ್ದ ಪ್ರೇಕ್ಷಕರು ವಕೀಲರೊಬ್ಬರೇ. ಅವರು ನಮ್ಮ ಮುಖ ನೋಡಿ, ಸಾಕ್ಷಿ ಸರಿಯಾಗಿ ನುಡಿಯಲಾರನೆಂದು ತಿಳಿದವರಂತೆ ಬಾಗಿಲು ಎಳೆದುಕೊಂಡು ಹೋದರು.

"ಮೊದಲಿಂದಲೂ ಹೀಗೇನಾ?" ಎಂದೆ.

"ಮೊದಲಿಂದಲೂ."

"ಮತ್ತೆ ಕೈ ಎತ್ತಿದ್ದು?"

"ಹೆಲಿಕಾಪ್ಟರ್ ಪರದೆ ಮೇಲೆ ಎಡಗಡೆ ಕಾಣುತ್ತಲ್ಲ. ಕಂಡಾಗ ಎತ್ತಿದೆ."

ಜನರ ಕಣ್ಣು ಪರೀಕ್ಷಿಸುವುದೇ ನನ್ನ ಅನ್ನ ಎಂದೆನಲ್ಲ, ನನ್ನ ಹೆಂಡತಿ ಕಣ್ಣಿನಿಂದ ಕೇಳುತ್ತಿದ್ದದ್ದು ನನಗೆ ಕಾಣಲಿಲ್ಲ.

"ಹತ್ತಿ ಯಾಕೆ?"

"ಎರಡನೇ ಸಲ ಹೋದಾಗ ಡಾಕ್ಟರ್ ಹೇಳಿದ್ರು, ಇದು ಇನ್ನು ಬರಲ್ಲ ಅಂತ. ಇರೋದನ್ನ ಜೋಪಾನ ಮಾಡ್ಕೊಳ್ಳಿ, ಜೋರು ಸದ್ದಿಗೆ ಒಡ್ಡಬೇಡಿ ಅಂದ್ರು." ಅವಳು ಹತ್ತಿಯುಂಡೆಯನ್ನು ಬೆರಳಲ್ಲಿ ಉರುಳಿಸಿದಳು. "ಮನೆಗೆ ಬಂದ ತಕ್ಷಣ ಹೇಳಬೇಕು ಅಂತಲೇ ಬಂದೆ. ನೀವು ಸ್ಕ್ರೂಡ್ರೈವರ್ ಕೇಳಿದ್ರಿ."

"ಹೇಳಬಾರದಾಗಿತ್ತಾ? ಆಮೇಲಾದ್ರೂ?"

"ಪ್ರತಿ ಸಲ ಆ ಡಬ್ಬದ ಹಿಂದಿನಿಂದ ತಲೆ ಎತ್ತಿ ಕೇಳಿಸ್ತಾ ಕೇಳಿಸ್ತಾ ಅಂತೀರಿ. ನಿಮ್ಮ ಮುಖ ನೋಡಿ ಇಲ್ಲ ಅನ್ನೋಕೆ ಬಾಯಿ ಬರ್ತಿರಲಿಲ್ಲ. ಸ್ವಲ್ಪ ಅಂದ್ರೆ ದೊಡ್ಡದು ತರ್ತೀರಿ. ಇನ್ನೂ ಸ್ವಲ್ಪ ಅಂದ್ರೆ ಇನ್ನೂ ದೊಡ್ಡದು. ಪೂರ್ತಿ ಅಂದ್ರೆ ನಿಲ್ಲಿಸ್ತೀರಿ ಅಂತ ಇವತ್ತು ಪೂರ್ತಿ ಅಂದುಬಿಟ್ಟೆ."

ಘೋಷರಾಯ ಎಷ್ಟು ಸರಿಯಾಗಿ ಹೇಳಿದ್ದ. ಎದುರಿಗಿದ್ದವಳು ಮೊಂಡುತನ ತೋರಿಸದೆ ಎಲ್ಲಕ್ಕೂ ಹೂಂ ಎಂದಳು, ನಾನು ದಬ್ಬಿದ್ದೇ ದಬ್ಬಿದ್ದು. ಕೋಟೊಂದೇ ಸುಟ್ಟದ್ದು ನನ್ನ ಪುಣ್ಯ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ಕಸುಬಿನ ಮೊದಲ ಪಾಠ, ಒಂದು ಕಣ್ಣು ಪರೀಕ್ಷಿಸುವಾಗ ಇನ್ನೊಂದನ್ನು ಮುಚ್ಚಬೇಕು. ಯಾರ ಕಣ್ಣೇ ಇರಲಿ, ನಾನು ಮೊದಲು ಮಾಡುವುದೇ ಅದು. ಅವಳ ಬಲಗಿವಿಗೆ ಅಂಗೈ ಒತ್ತಿ ಎಡಗಿವಿಯಲ್ಲಿ ಅವಳ ಹೆಸರು ಕರೆದಿದ್ದರೆ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಆಂಪ್ಲಿಫೈಯರೇ ಬೇಕಿರಲಿಲ್ಲ. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಮೊದಲ ದಿನವೇ ಹೊಳೆದಿತ್ತು. ನಾನು ಕರೆದು ಅವಳು ತಿರುಗದಿದ್ದರೆ ಏನು ಮಾಡಲಿ ಎಂಬ ಭಯಕ್ಕೆ ಮುಚ್ಚಲಿಲ್ಲ, ಅಷ್ಟೇ.

ರಾಕ್ಷಸನನ್ನು ಘೋಷರಾಯ ವಾಪಸು ತೆಗೆದುಕೊಳ್ಳಲಿಲ್ಲ. ತಂತಿಗಳನ್ನು ಕಿತ್ತು ಸುತ್ತಿಟ್ಟೆವು. ಸ್ಪೀಕರಿನ ತಲೆಯ ಮೇಲೆ ಈಗ ಅವಳ ಶಾಲೆಯ ಪುಸ್ತಕಗಳಿವೆ. ಅವಳು ತರಗತಿಯ ಬೆಂಚುಗಳನ್ನು ತಿರುಗಿಸಿ, ತನ್ನ ಮೇಜನ್ನು ಎಡಗೋಡೆಗೆ ಒತ್ತರಿಸಿಕೊಂಡಳು. ಮಕ್ಕಳೆಲ್ಲ ಬಲಗಡೆಗೆ ಬಂದರು. ಗಲಾಟೆ ಮಾಡಿದವರು ಯಾರೆಂದು ಈಗಲೂ ಸರಿಯಾಗಿ ಗೊತ್ತಾಗುವುದಿಲ್ಲವಂತೆ. "ಇಬ್ಬರನ್ನ ಎಬ್ಬಿಸ್ತೀನಿ, ಒಬ್ಬರಾದ್ರೂ ಸರಿ ಇರ್ತಾರೆ" ಎನ್ನುತ್ತಾಳೆ.

ನಾನು ಮದುವೆಯಾದಂದಿನಿಂದ ಸೋಫಾದಲ್ಲಿ ಅವಳ ಎಡಗಡೆ ಕೂರುವವನು. ಈಗ ಬಲಗಡೆ ಕೂರುತ್ತೇನೆ. ಆದರೆ ಒಂದು ಮಧ್ಯಾಹ್ನ, ಟಿವಿ ಆರಿಸಿ ಅವಳು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಾಗ, ನಾನು ಬೇಕೆಂದೇ ಎಡಗಡೆ ಹೋಗಿ ಕೂತೆ. ಬಲಗಿವಿಗೆ ಹೇಳಲಾಗದ ಮಾತೊಂದು ನನ್ನಲ್ಲಿತ್ತು. ಅವಳು ಕೆಂಪು ಪೆನ್ನು ಕಚ್ಚಿಕೊಂಡು ನೇರ ಮುಂದೆ ನೋಡುತ್ತಿದ್ದಳು. ನಾನು ಆ ಸತ್ತ ಕಿವಿಯ ಹತ್ತಿರ ಬಾಯಿ ಇಟ್ಟು, ಉಸಿರಿನಲ್ಲೇ ಹೇಳಿದೆ:

"ನನಗೆ ಭಯ ಆಗ್ತಿದೆ ಕಣೇ. ಆ ಕಿವಿನೂ ಹೋದ್ರೆ ನಾನು ಯಾರ ಹತ್ತಿರ ಮಾತಾಡಲಿ?"

ಅವಳು ತಿರುಗಲಿಲ್ಲ. ನನಗೆ ನಿರಾಳವಾಯಿತು. ಹೇಳಿಯೂ ಆಯಿತು, ಅವಳಿಗೆ ಗೊತ್ತೂ ಆಗಲಿಲ್ಲ. ಅವಳು ಒಂದು ಉತ್ತರಪತ್ರಿಕೆಗೆ ಅಂಕ ಹಾಕಿದಳು. ಮುಂದಿನದು ತೆಗೆದುಕೊಂಡಳು.

"ಆ ಕಿವಿನೂ ಹೋದ್ರೆ ಮೀಸೆ ತೆಗೀಬೇಕಾಗುತ್ತೆ" ಎಂದಳು.

ನಾನು ಬೆಚ್ಚಿಬಿದ್ದೆ. "ಏನಂದೆ?"

ಅವಳು ಪೆನ್ನಿನ ತುದಿಯಿಂದ ಮುಂದೆ ತೋರಿಸಿದಳು. ಆರಿಸಿದ ಟಿವಿಯ ಕಪ್ಪು ಗಾಜಿನಲ್ಲಿ ಸೋಫಾ ಕಾಣುತ್ತಿತ್ತು. ಸೋಫಾದ ಮೇಲೆ ಅವಳು, ಅವಳ ಕಿವಿಗೆ ಬಾಯಿ ಇಟ್ಟುಕೊಂಡ ನಾನು.

"ತುಟಿ ನೋಡಿ ಮಾತು ಹಿಡಿಯೋದು ಕಲೀತಿದ್ದೀನಿ. ಕ್ಲಾಸಲ್ಲಿ ಮಕ್ಕಳದ್ದು ಗೊತ್ತಾಗುತ್ತೆ, ವಕೀಲರದ್ದೂ ಗೊತ್ತಾಗುತ್ತೆ. ನಿಮ್ಮದು ಮಾತ್ರ ಬರೀ ಕೆಳದುಟಿ. ಭಯ ಅಂದಿದ್ದು ತಿಳೀತು, ಮಿಕ್ಕಿದ್ದು ಊಹೆ."

ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ. ಪ್ರತಿಜ್ಞೆ ಅರ್ಧಕ್ಕೆ ಮಾಡಿದ್ದೆ, ಪೂರ್ತಿ ತೆಗೆದೆ. ಇಷ್ಟು ವರ್ಷ ಬೆಳಕು ಕಾಣದ ನನ್ನ ಮೇಲ್ದುಟಿ ಬೆಳ್ಳಗೆ, ತೆಳ್ಳಗೆ, ಬೇರೆ ಯಾರದ್ದೋ ಎಂಬಂತೆ ಹೊರಗೆ ಬಂತು. ನಾಚಿಕೆಯಾಗಿ ಅದರ ಮೇಲೆ ಟವೆಲ್ಲು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅವಳು ಡಬ್ಬಿ ಕಟ್ಟುತ್ತಿದ್ದವಳು ನಿಲ್ಲಿಸಿ, ಟವೆಲ್ಲು ಕೆಳಗೆಳೆದು, ಬಹಳ ಹೊತ್ತು ನೋಡಿದಳು.

"ಏನಾದ್ರೂ ಹೇಳಿ" ಎಂದು ತನ್ನ ಬಲಗಿವಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡಳು.

ನಾನು ಮಾಡಲಾರದೆ ಉಳಿದಿದ್ದ ಪರೀಕ್ಷೆಯನ್ನು ಅವಳೇ ಮಾಡಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಮಾಡುವಂತೆ ಅದೇ ಗಾಜನ್ನು ನಾನು ಮತ್ತೆ ಹಾಕಿದೆ. ಸದ್ದೇ ಇಲ್ಲದೆ, ತುಟಿಯಲ್ಲಿ ಮಾತ್ರ ಹೇಳಿದೆ: ನನಗೆ ಭಯ ಆಗ್ತಿದೆ.

ಈ ಸಲ ಅವಳು ಪರದೆ ನೋಡಲಿಲ್ಲ, ನನ್ನ ಮುಖ ನೋಡಿ ಸುಳ್ಳೂ ಹೇಳಲಿಲ್ಲ. ಅವಳ ಕಣ್ಣು ತುಂಬಿತು.

"ನನಗೂ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನನ್ನ ತುಟಿ ನೋಡಿದಳು. "ಮೀಸೆ ಇದ್ದಿದ್ರೆ ಇಷ್ಟು ಭಯ ಆಗ್ತಿರಲಿಲ್ಲ."